ಎಣಿಕೆ ವಸ್ತುವಿನದೋ, ಬುದ್ಧಿಯದೋ?

ಇಂಗ್ಲಿಷ್ ವ್ಯಾಕರಣದ ಪಠ್ಯಗಳು ನಾಮಪದಗಳನ್ನು ಎಣಿಸಬಹುದಾದವು, ಎಣಿಸಲಾಗದವು ಎಂದು ವಿಂಗಡಿಸಿ, ಮೊದಲಿನವುಗಳೊಡನೆ ‘ಮೆನಿ’, ‘ಫ್ಯೂ’ ಎಂಬ ಪರಿಮಾಣವಾಚಕಗಳನ್ನೂ ಎರಡನೆಯವುಗಳೊಡನೆ ‘ಮಚ್’, ‘ಲಿಟಲ್’ ಎಂಬವುಗಳನ್ನೂ ಬಳಸಬೇಕೆಂದು ವಿಧಿಸುತ್ತವೆ. ಪುಸ್ತಕವನ್ನು ಎಣಿಸಬಹುದು, ನೀರನ್ನು ಎಣಿಸಲಾಗದು ಎಂದು ಇದಕ್ಕೆ ಕೊಡುವ ಕಾರಣದಲ್ಲಿ, ಎಣಿಕೆಗೆ ಒಳಪಡುವುದೂ ಪಡದಿರುವುದೂ ವಸ್ತುವಿನ ಸ್ವಭಾವವೇ ಎಂಬ ತಾತ್ತ್ವಿಕ ನಿಲುವು ಅಡಗಿದೆ. ಆದರೆ ಕುರ್ಚಿ ಮೇಜುಗಳನ್ನು ಎಣಿಸಬಹುದಾದರೂ ‘ಫರ್ನಿಚರ್’ ಎಣಿಸಲಾಗದ ಪದ. ನೋಟು ನಾಣ್ಯಗಳನ್ನು ದಿನವೂ ಎಣಿಸುತ್ತಿದ್ದರೂ ‘ಮನಿ’ ಅದೇ ವರ್ಗಕ್ಕೆ ಸೇರುತ್ತದೆ. ಅಕ್ಕಿಯೂ ಬೇಳೆಯೂ ಕಾಳುಗಳೇ ಆಗಿದ್ದರೂ ‘ರೈಸ್’ ಏಕವಚನದಲ್ಲಿ ನಿಂತರೆ ‘ಲೆಂಟಿಲ್ಸ್’ ಬಹುವಚನವನ್ನು ಪಡೆಯುತ್ತದೆ. ಹಾಗಾದರೆ ಸಂಖ್ಯೆ ನೆಲೆಸಿರುವುದು ವಸ್ತುವಿನಲ್ಲೋ, ಅದನ್ನು ಅರಿಯುವ ಬುದ್ಧಿಯಲ್ಲೋ ಎಂಬ ಪ್ರಶ್ನೆ ಏಳುತ್ತದೆ.

ಭಾರತೀಯ ದರ್ಶನಗಳಲ್ಲಿ ಈ ಪ್ರಶ್ನೆಯನ್ನು ಬಹಳ ಸೂಕ್ಷ್ಮವಾಗಿ ವಿವೇಚಿಸಿದ್ದು ವೈಶೇಷಿಕ. ಅದರ ಆಚಾರ್ಯ ಪ್ರಶಸ್ತಪಾದನು ಹೇಳುವ 24 ಗುಣಗಳಲ್ಲಿ ಸಂಖ್ಯೆ ಮತ್ತು ಪರಿಮಾಣ, ಅಂದರೆ ಗಾತ್ರ, ಬೇರೆ ಬೇರೆ ಗುಣಗಳು. ಪ್ರತಿಯೊಂದು ದ್ರವ್ಯದಲ್ಲೂ ಏಕತ್ವ ಸಹಜವಾಗಿಯೇ ಇರುತ್ತದೆ. ಆದರೆ ದ್ವಿತ್ವ, ತ್ರಿತ್ವ ಮೊದಲಾದವು ‘ಇದು ಒಂದು, ಇದು ಒಂದು’ ಎಂದು ಹಲವು ಏಕತ್ವಗಳನ್ನು ಒಟ್ಟಿಗೆ ಗ್ರಹಿಸುವ ಅಪೇಕ್ಷಾಬುದ್ಧಿಯಿಂದ ಹುಟ್ಟಿ, ಆ ಬುದ್ಧಿ ಅಳಿದಾಗ ತಾವೂ ಅಳಿಯುತ್ತವೆ. ಹೀಗೆ ಬುದ್ಧಿಯಿಂದ ಹುಟ್ಟಿದರೂ ದ್ವಿತ್ವವು ಬರಿಯ ಕಲ್ಪನೆಯಲ್ಲ, ಅದು ಎರಡು ವಸ್ತುಗಳಲ್ಲೇ ಆಶ್ರಯ ಪಡೆಯುವ ಗುಣವೆಂಬುದು ಈ ದರ್ಶನದ ವಾಸ್ತವವಾದಿ ನಿಲುವು.

ಈ ಸಿದ್ಧಾಂತ ಸೃಷ್ಟಿಯ ವಿವರಣೆಗೆ ತಲುಪಿದಾಗ ಧಾರ್ಮಿಕ ಪ್ರಶ್ನೆಯಾಗಿ ಬೆಳೆಯುತ್ತದೆ. ಎರಡು ಪರಮಾಣುಗಳು ಕೂಡಿ ದ್ವ್ಯಣುಕವಾಗಿ, ಮೂರು ದ್ವ್ಯಣುಕಗಳು ಕೂಡಿ ತ್ರ್ಯಣುಕವಾದಾಗ ಮೊದಲ ಬಾರಿಗೆ ಕಣ್ಣಿಗೆ ಕಾಣುವಷ್ಟು ಗಾತ್ರ ಉಂಟಾಗುತ್ತದೆ. ಅತಿಸೂಕ್ಷ್ಮವಾದ ಗಾತ್ರಗಳು ಸೇರಿ ದೊಡ್ಡ ಗಾತ್ರವಾಗಲಾರದ್ದರಿಂದ, ಅದಕ್ಕೆ ಕಾರಣ ಆ ದ್ವ್ಯಣುಕಗಳ ಬಹುತ್ವಸಂಖ್ಯೆಯೇ ಎಂದು ವೈಶೇಷಿಕರು ವಾದಿಸುತ್ತಾರೆ. ಸಂಖ್ಯೆಗೆ ಅಪೇಕ್ಷಾಬುದ್ಧಿ ಬೇಕು, ಪರಮಾಣು, ದ್ವ್ಯಣುಕಗಳೋ ಮನುಷ್ಯರ ಇಂದ್ರಿಯಗಳಿಗೆ ಎಟಕುವುದಿಲ್ಲ. ಆದ್ದರಿಂದ ಅವುಗಳನ್ನು ಎಣಿಸಬಲ್ಲ ಸರ್ವಜ್ಞನೊಬ್ಬ ಇರಲೇಬೇಕೆಂದು ಉದಯನಾಚಾರ್ಯನು ‘ನ್ಯಾಯಕುಸುಮಾಂಜಲಿ’ಯಲ್ಲಿ ಸಂಖ್ಯೆಯನ್ನೇ ಈಶ್ವರಸಾಧನೆಯ ಹೇತುಗಳಲ್ಲಿ ಒಂದಾಗಿ ಮಂಡಿಸುತ್ತಾನೆ.

ವೈಶೇಷಿಕದೊಡನೆ ಬೆಸೆದುಕೊಂಡ ನ್ಯಾಯದರ್ಶನದವರಲ್ಲೇ, ಸಂಖ್ಯೆ ಒಂದು ಗುಣವೆಂಬ ಮಾತಿಗೆ ತಕರಾರು ಇಲ್ಲದಿರಲಿಲ್ಲ. ಗುಣದಲ್ಲಿ ಇನ್ನೊಂದು ಗುಣ ಇರಲಾಗದೆಂಬುದು ಶಾಸ್ತ್ರದ ನಿಯಮವಾದರೆ, ಗುಣಗಳು 24 ಎಂದು ಎಣಿಸುವುದೇ ಆ ನಿಯಮಕ್ಕೆ ತೊಡಕಾಗುತ್ತದೆ; ನವ್ಯನ್ಯಾಯದ ರಘುನಾಥ ಶಿರೋಮಣಿಯು ಸಂಖ್ಯೆಯನ್ನು ಗುಣಗಳ ಪಟ್ಟಿಯಿಂದ ಹೊರತಂದು ಪ್ರತ್ಯೇಕ ಪದಾರ್ಥ, ಅಂದರೆ ಮೂಲವರ್ಗ, ಎಂದು ಪರಿಗಣಿಸಿದ್ದು ಇದಕ್ಕೆ ಪರಿಹಾರವಾಗಿಯೇ.

ಈ ವಿವೇಚನೆಯ ಬೆಳಕಿನಲ್ಲಿ ನೋಡಿದರೆ ಇಂಗ್ಲಿಷಿನ ವಿಂಗಡಣೆಯ ತಳಹದಿ ಸ್ಪಷ್ಟವಾಗುತ್ತದೆ. ವಸ್ತುವಿನ ಏಕತ್ವ ಎಣಿಕೆಯನ್ನು ಸಾಧ್ಯವಾಗಿಸುತ್ತದೆ, ಅಪೇಕ್ಷಾಬುದ್ಧಿ ಎಣಿಕೆಯನ್ನು ನಡೆಸುತ್ತದೆ. ಎಣಿಸಲು ಬೇಕಾದ ‘ಒಂದು’ ಯಾವುದು ಎಂಬುದನ್ನು ಪದವು ತನ್ನಲ್ಲೇ ಇಟ್ಟುಕೊಂಡಿದೆಯೋ ಇಲ್ಲವೋ ಎಂಬುದಷ್ಟೇ ಭಾಷೆಯ ಪಾಲು. ‘ಚೇರ್’ ಎಂಬ ಪದ ಆ ಏಕಮಾನವನ್ನು ಹೊತ್ತುಕೊಂಡೇ ಬರುತ್ತದೆ; ‘ಫರ್ನಿಚರ್’ ಅದನ್ನು ಹೊರಗಿನಿಂದ ಬೇಡುವುದರಿಂದ ‘ಪೀಸ್’ ಎಂಬ ಪದ ಸೇರಬೇಕಾಗುತ್ತದೆ. ಅಮೆರಿಕದ ತತ್ತ್ವಜ್ಞಾನಿ ಕ್ವೈನ್ 1960ರ ತನ್ನ ಗ್ರಂಥದಲ್ಲಿ ನೀರಿನಂಥ ರಾಶಿವಾಚಕಗಳಿಗೂ ಸೇಬಿನಂಥ ಪದಗಳಿಗೂ ತೋರಿದ ಭೇದವೂ ಇದಕ್ಕೆ ಹತ್ತಿರದ್ದು: ನೀರಿಗೆ ನೀರು ಕೂಡಿದರೆ ನೀರೇ, ಸೇಬಿಗೆ ಸೇಬು ಕೂಡಿದರೆ ಒಂದು ಸೇಬಲ್ಲ. ಕನ್ನಡದ ‘ಎಷ್ಟು’ ಎರಡೂ ಕಡೆ ಸಲ್ಲಿದರೂ ‘ಹಲವು’, ‘ಕೆಲವು’ ನೀರಿಗೆ ಸಲ್ಲದಿರುವುದರಿಂದ ಈ ಭೇದ ಕನ್ನಡಿಗ ವಿದ್ಯಾರ್ಥಿಗೆ ಅಪರಿಚಿತವೇನಲ್ಲ. ಆದ್ದರಿಂದ ‘ಇದನ್ನು ಎಣಿಸಬಹುದೇ?’ ಎಂದು ವಸ್ತುವನ್ನು ಕುರಿತು ಕೇಳುವ ಬದಲು, ‘ಈ ಪದ ತನ್ನ ಏಕಮಾನವನ್ನು ತಾನೇ ಕೊಡುತ್ತದೆಯೇ?’ ಎಂದು ಪದವನ್ನು ಕುರಿತು ಕೇಳಲು ಕಲಿಸುವ ಬೋಧನೆಯೇ ವ್ಯಾಕರಣಕ್ಕೂ ತತ್ತ್ವಕ್ಕೂ ಹೆಚ್ಚು ನಿಷ್ಠವಾದದ್ದು.