ಹೊಗೆ, ಬೆಂಕಿ, ನಾಲ್ಕು ಗೂಟ

ಕಾಣದ್ದನ್ನು ಇದೆ ಎನ್ನಲು ನಮಗೇನು ಆಧಾರ? ನ್ಯಾಯದರ್ಶನದವರು ಗುಡ್ಡದ ಮೇಲಿನ ಹೊಗೆಯನ್ನು ತೋರಿಸಿದರು: ಹೊಗೆಯಿದ್ದಲ್ಲಿ ಬೆಂಕಿಯಿರುವುದನ್ನು ಅಡುಗೆಮನೆಯಲ್ಲಿ ಕಂಡಿದ್ದೇವೆ, ಗುಡ್ಡದಲ್ಲೂ ಬೆಂಕಿಯಿದ್ದೀತು. ದೊಡವಾಡದ ಕಡೆ ಬೋರ್ ಹೊಡೆಸುವ ಮುನ್ನ ನೀರು ನೋಡುವ ಯಂತ್ರ ಮಾಡುವುದೂ ಇಂಥದೇ ಅನುಮಾನ, ಎಂದರೆ ಕಂಡದ್ದರಿಂದ ಕಾಣದ್ದನ್ನು ತಿಳಿಯುವುದು. ಒಂದೇ ಸಾಲಿನಲ್ಲಿ ನಾಲ್ಕು ಕಬ್ಬಿಣದ ಗೂಟ ಬಡಿಯುತ್ತಾರೆ. ಹೊರಗಿನ ಎರಡರಿಂದ ಕರೆಂಟು ನೆಲಕ್ಕಿಳಿಯುತ್ತದೆ, ಒಳಗಿನ ಎರಡರ ನಡುವಿನ ವೋಲ್ಟೇಜ್ ಅಳೆಯುತ್ತಾರೆ. ಹೊರಗೂಟಗಳನ್ನು ದೂರ ಸರಿಸಿದಷ್ಟೂ ಆಳದ ಸುದ್ದಿ ಸಿಗುತ್ತದೆ. ಗಟ್ಟಿ ಬಂಡೆ ಕರೆಂಟನ್ನು ತಡೆಯುತ್ತದೆ, ನೀರು ತುಂಬಿದ ಬಿರುಕು ಬಿಟ್ಟುಕೊಡುತ್ತದೆ. ಆದರೆ ಜೇಡಿಯೂ ಬಿಟ್ಟುಕೊಡುತ್ತದೆ, ಸವುಳು ನೀರು ಇನ್ನೂ ಹೆಚ್ಚು. ಹೀಗಾಗಿ ತಡೆ ಕಡಿಮೆಯಾದಲ್ಲೆಲ್ಲ ಸಿಹಿನೀರು ಎನ್ನುವಂತಿಲ್ಲ. ಬೆಂಕಿಯಿದ್ದ ಮಾತ್ರಕ್ಕೆ ಹೊಗೆ ಏಳದು, ಹಸಿ ಸೌದೆಯೂ ಬೇಕು ಎಂದ ನೈಯಾಯಿಕರು ಇಂಥ ಮರೆಯ ಷರತ್ತನ್ನು ಉಪಾಧಿ ಎಂದು ಕರೆದರು.

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಅದು ಎದ್ದು ನಿಂತಲ್ಲಿ ನೀರಿದೆ ಎಂದು ಹೊಲ ಸುತ್ತುವವರೂ ತಪ್ಪುತ್ತಾರೆ, ಯಂತ್ರವೂ ತಪ್ಪುತ್ತದೆ, ಎರಡೂ ನಂಬಿಕೆಯೇ ಅಲ್ಲವೇ ಎಂದು ಕೇಳುವವರಿದ್ದಾರೆ. ಅಂತರವಿರುವುದು ತಪ್ಪುವ ರೀತಿಯಲ್ಲೇ. ಬೋರಿನಿಂದ ಮೇಲೆ ಬಂದ ಪುಡಿಯಲ್ಲಿ ಜೇಡಿ ಕಂಡರೆ ಉಪಾಧಿ ಕೈಗೆ ಸಿಕ್ಕಿತು. ಮುಂದಿನ ಹೊಲದ ಲೆಕ್ಕ ತಿದ್ದಿಕೊಳ್ಳಬಹುದು. ಎದ್ದು ನಿಂತ ಕಾಯಿ ಯಾಕೆ ಸುಳ್ಳಾಯಿತೆಂದು ಕಾಯಿಯನ್ನು ಕೇಳಲಾಗದು. ನೆಲದೊಳಗಿನ ಕಾವಿನ ಅನುಮಾನವೂ ಹೀಗೇ ತಪ್ಪಬಹುದು, ತಿದ್ದಿಕೊಳ್ಳಲೂಬಹುದು. ಪುತ್ತೂರು ಸೀಮೆಯ ಇರ್ದೆಯಲ್ಲಿ ಬೆಂದ್ರ್‌ತೀರ್ಥದ ಬಿಸಿನೀರು ಕಂಡವರು ಅಡಿಯಲ್ಲಿ ಜ್ವಾಲಾಮುಖಿ ಇದೆ ಎಂದುಕೊಳ್ಳುವುದು ಸುಲಭ. ಆದರೆ ಕೋಲಾರದ ಚಿನ್ನದ ಗಣಿಯಲ್ಲಿ 3 ಕಿಲೋಮೀಟರ್ ದಾಟಿದ ಆಳದಲ್ಲಿ ಬಂಡೆ 60 ಡಿಗ್ರಿ ಸೆಲ್ಸಿಯಸ್ ಮೀರಿ ಕಾದಿತ್ತು. ಅಲ್ಲಿ ಯಾವ ಜ್ವಾಲಾಮುಖಿಯೂ ಇರಲಿಲ್ಲ. ಭೂಮಿ ಹುಟ್ಟಿದಾಗಿನ ಶಾಖ, ಕಲ್ಲಿನೊಳಗಿನ ಯುರೇನಿಯಂ, ಥೋರಿಯಂ, ಪೊಟ್ಯಾಶಿಯಂ ಕ್ಷಯಿಸುವಾಗ ಹೊಮ್ಮುವ ಶಾಖ, ಆ ಕಾವಿಗೆ ಇಷ್ಟೇ ಸಾಕು.

ನೈಯಾಯಿಕರಲ್ಲೇ ಒಬ್ಬನಾದ ಉದಯನಾಚಾರ್ಯ ನ್ಯಾಯಕುಸುಮಾಂಜಲಿಯಲ್ಲಿ ಅನುಮಾನದಿಂದಲೇ ಈಶ್ವರನನ್ನು ಸಾಧಿಸಹೊರಟ: ಮಡಕೆಗೆ ಕುಂಬಾರನಿರುವಂತೆ ಜಗತ್ತಿಗೂ ಕರ್ತೃವಿರಬೇಕು. ಅದು ದೊಡ್ಡ ಬುದ್ಧಿಯ ಕೆಲಸವೆಂದು ಒಪ್ಪುತ್ತೇನೆ, ಆದರೂ ನನಗೆ ಒಪ್ಪಿಗೆಯಾಗದು. ಗೂಟದ ಅನುಮಾನಕ್ಕೆ ಕೊನೆಗೆ ಬೋರಿನ ಸಾಕ್ಷಿ ಇದೆ. ನವಿಲುತೀರ್ಥದಲ್ಲಿ ಮಲಪ್ರಭೆ ತಾನೇ ಗುಡ್ಡ ಸೀಳಿ ಕಲಾದಗಿ ಮರಳುಗಲ್ಲಿನ ಪದರಗಳನ್ನು ಬಯಲಿಗಿಟ್ಟಿದೆ. ಕರ್ತೃವಿನ ಅನುಮಾನಕ್ಕೆ ಅಂಥ ಸೀಳಿಲ್ಲ. ಹಾಗೆಂದರೆ ಭಕ್ತಿಗೆ ಬುಡವೇ ಹೋಯಿತಲ್ಲ ಎಂದು ಕೆಲವರು ನೊಂದುಕೊಳ್ಳಬಹುದು. ಆದರೆ ಸವದತ್ತಿಯಲ್ಲಿ ಜೋಗುಳಬಾವಿಯ ನೀರು ಮೈಮೇಲೆ ಸುರಿದುಕೊಂಡು ಎಲ್ಲಮ್ಮನ ಗುಡ್ಡ ಹತ್ತುವಾಕೆ ಯಾವ ಅನುಮಾನದ ಬಲದಿಂದಲೂ ಹತ್ತುತ್ತಿಲ್ಲ. ಆ ನೀರು ಯಾವ ಬಿರುಕಿನಿಂದ ಬಂತೆಂದು ಅವಳಿಗೆ ತಿಳಿಸಿ ಹೇಳಿದರೂ ಅವಳು ಇನ್ನೊಂದು ತಂಬಿಗೆ ಸುರಿದುಕೊಳ್ಳುತ್ತಾಳೆ.