ಮನುಷ್ಯನು ಯಾರ ಬಂಡವಾಳ?

ಅರ್ಥಶಾಸ್ತ್ರದ ಪಠ್ಯಗಳಲ್ಲಿ 'ಮಾನವ ಬಂಡವಾಳ' ಎಂಬ ಮಾತು ಈಗ ಸರ್ವೇಸಾಮಾನ್ಯವಾಗಿದೆ. ಹೊಲ, ಯಂತ್ರ, ಹಣಗಳಂತೆಯೇ ಮನುಷ್ಯನ ಆರೋಗ್ಯ, ವಿದ್ಯೆ, ಕೈಗೆಲಸದ ನೈಪುಣ್ಯಗಳೂ ಸಂಪತ್ತನ್ನು ಹುಟ್ಟಿಸುವ ಮೂಲಧನವೆಂಬುದು ಅದರ ತಾತ್ಪರ್ಯ. 1776ರಷ್ಟು ಹಿಂದೆಯೇ ಆಡಂ ಸ್ಮಿತ್ ಜನರು ಗಳಿಸಿಕೊಂಡ ಸಾಮರ್ಥ್ಯವನ್ನು ದೇಶದ ಸ್ಥಿರ ಬಂಡವಾಳದ ಲೆಕ್ಕಕ್ಕೆ ಸೇರಿಸಿದ್ದನು. ಕಳೆದ ಶತಮಾನದ ಅರವತ್ತರ ದಶಕದಲ್ಲಿ ಥಿಯೊಡೋರ್ ಷುಲ್ಟ್ಜ್, ಗ್ಯಾರಿ ಬೆಕರ್ ಮೊದಲಾದವರು ಅದನ್ನೊಂದು ಶಾಸ್ತ್ರವಾಗಿ ಬೆಳೆಸಿದರು. ಇವರಲ್ಲಿ ಷುಲ್ಟ್ಜ್ ನಮಗೆ ಹೆಚ್ಚು ಹತ್ತಿರದವನು. ಬಡ ರೈತನು ದಡ್ಡನೂ ಅಲ್ಲ, ಸೋಮಾರಿಯೂ ಅಲ್ಲ. ಇರುವಷ್ಟರಲ್ಲಿ ಜಾಣತನದಿಂದಲೇ ಬೇಸಾಯ ಮಾಡುತ್ತಾನೆ, ಆದರೂ ಬಡವನಾಗಿಯೇ ಉಳಿಯುತ್ತಾನೆ ಎಂದು 1964ರಲ್ಲಿ ವಾದಿಸಿದವನು ಆತ. ಗೆಟ್ಟವಾಡಿಯ ಸುತ್ತ ಮಳೆ ನೋಡಿ ರಾಗಿ ಬಿತ್ತುವವರಿಗೆ ಇದನ್ನು ಹೇಳಲು ಹೊರದೇಶದ ಪಂಡಿತನೇ ಬೇಕಾಗಿರಲಿಲ್ಲ, ಆ ಮಾತು ಬೇರೆ.

ಹೆಸರು ಹೊಸದಾದರೂ ವಸ್ತು ಹಳೆಯದು. ನಮ್ಮ ಸೀಮೆಯಲ್ಲಿ ಮನುಷ್ಯನನ್ನು ಬಂಡವಾಳವೆಂದು ಎಣಿಸಿದ ಮೊದಲ ಲೆಕ್ಕಿಗನು ಸಾಲ ಕೊಟ್ಟ ಒಡೆಯ. ಮದುವೆಗೋ ಮಣ್ಣಿಗೋ ತಂದೆ ಪಡೆದ ಸಾಲಕ್ಕೆ ಮಗ ಜೀತವಿರುತ್ತಿದ್ದನು. ವರ್ಷವಿಡೀ ದುಡಿದದ್ದು ಬಡ್ಡಿಗೆ ಮಾತ್ರ ಸಲ್ಲುತ್ತಿತ್ತು. ಅಸಲು ಅಸಲಾಗಿಯೇ ಉಳಿಯುತ್ತಿತ್ತು. ಆ ಹುಡುಗನ ತೋಳಿನಲ್ಲಿ ಬಲವಿತ್ತು, ನೇಗಿಲ ವಿದ್ಯೆಯಿತ್ತು, ದನದ ರೋಗವನ್ನು ದೂರದಿಂದಲೇ ಗುರುತಿಸುವ ಕಣ್ಣಿತ್ತು. ಶಾಸ್ತ್ರದ ಪ್ರಕಾರ ಬಂಡವಾಳವೆಲ್ಲವೂ ಅವನಲ್ಲಿಯೇ ಇತ್ತು. ಅದರ ಒಡೆತನ ಮಾತ್ರ ಬೇರೆಯವರದಾಗಿತ್ತು. 1976ರ ಕಾಯಿದೆ ಜೀತವನ್ನು ರದ್ದುಮಾಡಿ ಆ ಸಾಲಗಳನ್ನು ಅಳಿಸಿತು. ಆದರೆ ಒಬ್ಬನ ಸಾಮರ್ಥ್ಯದ ಫಲ ಯಾರ ಕಣಜಕ್ಕೆ ಸೇರಬೇಕು ಎಂಬ ಪ್ರಶ್ನೆ ಕಾಯಿದೆಯಿಂದ ಅಳಿಯುವಂಥದ್ದಲ್ಲ.

ಬೆಟ್ಟವಿಳಿದು ಬಯಲಿಗೆ ಹೋದರೆ ಅದೇ ಪ್ರಶ್ನೆ ಬೇರೆ ಉಡುಗೆಯಲ್ಲಿ ಎದುರಾಗುತ್ತದೆ. ಕೊಯಮತ್ತೂರು, ತಿರುಪ್ಪೂರು, ಈರೋಡು, ದಿಂಡಿಗಲ್ ಭಾಗದ ನೂಲಿನ ಗಿರಣಿಗಳಲ್ಲಿ 'ಸುಮಂಗಲಿ' ಎಂಬ ಮಂಗಳಕರವಾದ ಹೆಸರಿನ ಕರಾರೊಂದು ಬಹುಕಾಲ ನಡೆದುಬಂದಿತು. ಬಡಮನೆಯ ಹದಿಹರೆಯದ ಹುಡುಗಿಯರು ಸುಮಾರು ಮೂರು ವರ್ಷ ಗಿರಣಿಯ ವಸತಿಯಲ್ಲಿದ್ದು ದುಡಿಯಬೇಕು. ಅವಧಿ ಮುಗಿದ ಮೇಲೆ ಮದುವೆಯ ಖರ್ಚಿಗೆಂದು ಇಡಿಗಂಟು. ಕಾಯಿಲೆ ಬಿದ್ದು ನಡುವೆಯೇ ಊರಿಗೆ ಮರಳಿದವರಿಗೆ ಆ ಗಂಟು ದಕ್ಕದೆ ಹೋದ ಪ್ರಸಂಗಗಳು ವರದಿಯಾಗಿವೆ. ವರದಕ್ಷಿಣೆ ಕಾನೂನುಬಾಹಿರವಾದದ್ದು 1961ರಲ್ಲಿ. ಅದನ್ನು ಹೊಂದಿಸಲು ಮಗಳೇ ತನ್ನ ಬೆಲೆಯನ್ನು ನೂಲಬೇಕಾಗಿ ಬಂದದ್ದು ಅದರ ನಂತರದ ಕಥೆ.

ಸಾಮರ್ಥ್ಯ ಒಂದೇ ಆದರೂ ಅದರ ಬೆಲೆ ಸ್ಥಳದಿಂದ ಸ್ಥಳಕ್ಕೆ ಬದಲಾಗುವುದನ್ನು ತಾಳವಾಡಿ ಸೀಮೆಯವರು ದಿನನಿತ್ಯವೂ ಕಾಣುತ್ತಾರೆ. ನಮ್ಮ ಕೋಸು, ಟೊಮ್ಯಾಟೊ ಈರೋಡಿನ ದಿಕ್ಕಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ಕಡಿದಾದ ತಿರುವುಗಳನ್ನು ಇಳಿಯಬೇಕು. 2022ರ ಫೆಬ್ರವರಿಯಿಂದ ಅಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ. ಕಾಡಿನ ಜೀವಿಗಳು ಉಳಿಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹುಲಿಯ ಕಾಡನ್ನು ಉಳಿಸುವ ಪುಣ್ಯ ನಾಡಿಗೆಲ್ಲ ಹಂಚಿಹೋಗುವಾಗ ಅದರ ಖರ್ಚು ಕಾಡಂಚಿನ ನಾಲ್ಕು ಊರುಗಳ ಮೇಲೆ ಬೀಳುವುದು ನ್ಯಾಯದ ಲೆಕ್ಕವಲ್ಲ. ಫಸಲು ಬಂದ ತಿಂಗಳುಗಳಲ್ಲಿ ಆನೆ ಕಾಯುತ್ತ ಹೊಲದಲ್ಲಿ ಕಳೆಯುವ ರಾತ್ರಿಗಳಿಗೆ ಕೂಲಿ ಇಲ್ಲ, ರಜೆ ಇಲ್ಲ; ಯಾವ ವರಮಾನದ ಪಟ್ಟಿಯಲ್ಲಿಯೂ ಅವು ಸೇರುವುದಿಲ್ಲ. ಅಪ್ಪನ ಜೊತೆ ಕಾವಲಿಗೆ ಹೋದ ಹುಡುಗ ಮರುದಿನ ತರಗತಿಯಲ್ಲಿ ತೂಕಡಿಸಿದರೆ, ಕಳೆದುಹೋದ ಆ ಪಾಠವೂ ಒಂದು ಬಂಡವಾಳದ ನಷ್ಟವೇ.

ಭಾಷೆಯ ವಿಷಯವೂ ಇದಕ್ಕೆ ಸೇರಿದ್ದು. 1956ರ ನವೆಂಬರ್ 1ರಂದು ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ತಾಳವಾಡಿ ಮದರಾಸಿನಲ್ಲಿ ಉಳಿಯಿತು. ಹೀಗೆ ನಮ್ಮ ಮಕ್ಕಳಿಗೆ ಮನೆಯ ನುಡಿ ಒಂದು, ಕಚೇರಿಯ ನುಡಿ ಇನ್ನೊಂದು, ದೂರದ ನಗರದ ಕೆಲಸಕ್ಕೆ ಬೇಕಾದ ನುಡಿ ಮತ್ತೊಂದು. ತಮಿಳುನಾಡಿನಲ್ಲಿ 2006ರ ಕಾಯಿದೆಯಂತೆ ತಮಿಳು ಕಲಿಕೆ ಶಾಲೆಗಳಲ್ಲಿ ಹಂತಹಂತವಾಗಿ ಕಡ್ಡಾಯವಾಯಿತು. ತಮಿಳು ಕಲಿಯುವುದು ಹೊರೆಯೆಂದು ನಾನು ಎಣಿಸುವುದಿಲ್ಲ. ನೆರೆಯ ನುಡಿ ಬಲ್ಲವನು ಬಡವನಾಗುವುದಿಲ್ಲ. ಎರಡನ್ನೂ ಅರೆಬರೆಯಾಗಿ ಕಲಿಸಿ, ಕನ್ನಡದಲ್ಲಿ ಬರೆಯಲಾರದ, ತಮಿಳಿನಲ್ಲಿ ಅರ್ಜಿ ತುಂಬಲಾರದ ಹುಡುಗನನ್ನು ಶಾಲೆಯಿಂದ ಹೊರಗೆ ಕಳಿಸುವುದೇ ಹೊರೆ. ಉಳ್ಳವರ ಮಕ್ಕಳು ಮೈಸೂರಿನಲ್ಲಿಯೋ ಕೊಯಮತ್ತೂರಿನಲ್ಲಿಯೋ ವಿದ್ಯಾರ್ಥಿನಿಲಯ ಸೇರಿ ಇದರಿಂದ ಪಾರಾಗುತ್ತಾರೆ. ಇಲ್ಲದವರಿಗೆ ಊರಿನ ಶಾಲೆಯೇ ಗತಿ.

ಇಂಥ ಮಾತು ಬಂದಾಗಲೆಲ್ಲ ಯಾರಾದರೊಬ್ಬರು ಗಾಜನೂರಿನ ಕಡೆಗೆ ಬೆರಳು ತೋರಿಸುತ್ತಾರೆ. 1929ರಲ್ಲಿ ಅಲ್ಲಿ ಹುಟ್ಟಿದ ಮುತ್ತುರಾಜನ ಶಾಲೆಯ ಓದು ಎಳವೆಯಲ್ಲಿಯೇ ನಿಂತಿತು. ಗುಬ್ಬಿ ವೀರಣ್ಣನವರ ನಾಟಕ ಕಂಪನಿಯೇ ಅವರ ವಿದ್ಯಾಪೀಠ. 1954ರ 'ಬೇಡರ ಕಣ್ಣಪ್ಪ'ದಿಂದ ಅವರು ರಾಜ್‌ಕುಮಾರ್ ಆದರು. 1976ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತು. 'ಬಡತನ ಅಡ್ಡಿಯಲ್ಲ, ಛಲ ಬೇಕು' ಎಂಬುದಕ್ಕೆ ಇದನ್ನು ನಿದರ್ಶನವಾಗಿ ಹೇಳುವವರೊಂದಿಗೆ ನನ್ನ ತಕರಾರಿದೆ. ಅವರಿಗೆ ನಾಟಕದವರಾದ ತಂದೆಯಿದ್ದರು, ಹೊತ್ತಿಗೆ ಊಟ ಹಾಕಿ ಮಾತು, ಸಂಗೀತ, ಶಿಸ್ತು ಕಲಿಸಿದ ಕಂಪನಿಯಿತ್ತು. ಅಂಥದೇ ಕಂಠವಿದ್ದು ದನದ ಹಿಂದೆಯೇ ಹಾಡಿ ಮುಗಿದವರೆಷ್ಟು ಮಂದಿಯೋ! ಒಬ್ಬನ ಏಳಿಗೆ ಉಳಿದವರ ಬಡತನವನ್ನು ಅವರದೇ ತಪ್ಪೆಂದು ಸಾಬೀತುಮಾಡುವುದಿಲ್ಲ.

ಅದೇ ಗಾಜನೂರಿನಿಂದ 2000ದ ಜುಲೈ 30ರಂದು ವೀರಪ್ಪನ್ ಅವರನ್ನು ಅಪಹರಿಸಿದಾಗ ಎರಡು ರಾಜ್ಯಗಳು 108 ದಿನ ಉಸಿರು ಬಿಗಿಹಿಡಿದವು. ಅದು ಸಹಜವೂ ಹೌದು. ಆದರೆ ಅವರೊಂದಿಗೆ ಇನ್ನೂ ಮೂವರನ್ನು ಒಯ್ಯಲಾಗಿತ್ತು. ಅವರ ಹೆಸರು ನಮ್ಮಲ್ಲಿ ಎಷ್ಟು ಜನರಿಗೆ ನೆನಪಿದೆ? ವೀರಪ್ಪನ್ ಬೇಟೆಯ ವರ್ಷಗಳಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಯಿಂದ ಕಾಡಂಚಿನ ಜನ ಅನುಭವಿಸಿದ ಹಿಂಸೆಯನ್ನು ನ್ಯಾಯಮೂರ್ತಿ ಸದಾಶಿವ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2 ಕೋಟಿ 80 ಲಕ್ಷ ರೂಪಾಯಿ ಪರಿಹಾರ ಸೂಚಿಸಿತು. ಸರಾಸರಿ ಹಿಡಿದರೆ ತಲೆಗೆ ಮೂರು ಲಕ್ಷದ ಆಸುಪಾಸು. ಪರಿಹಾರ ಬೇಕಾದದ್ದೇ, ಕಡಮೆಯೋ ಹೆಚ್ಚೋ ಎಂಬುದೂ ನನ್ನ ವಾದವಲ್ಲ. ಒಂದೇ ಕಾಡಿನಲ್ಲಿ ಒಬ್ಬರ ಜೀವಕ್ಕೆ ಬೆಲೆಯೇ ಕಟ್ಟಲಾಗದೆ ಹೋದದ್ದೂ ಮತ್ತೊಬ್ಬರ ನೋವಿಗೆ ಅಷ್ಟು ಸಲೀಸಾಗಿ ಅಂಕಿ ದೊರೆತದ್ದೂ ನನ್ನನ್ನು ಕಾಡುತ್ತದೆ.

ಅಮರ್ತ್ಯ ಸೇನರು ಈ ಶಾಸ್ತ್ರಕ್ಕೆ ಎತ್ತಿದ ಆಕ್ಷೇಪ ಇಲ್ಲಿ ಉಪಯುಕ್ತ. ಓದಿದರೆ ಹೆಚ್ಚು ಉತ್ಪಾದಿಸಬಹುದೆಂಬುದು ನಿಜ. ಆದರೆ ಓದಬಲ್ಲವಳು ಏನನ್ನೂ ಉತ್ಪಾದಿಸದಿದ್ದರೂ ಪತ್ರಿಕೆ ಓದುತ್ತಾಳೆ, ವಾದಿಸುತ್ತಾಳೆ, ಮೋಸ ಹೋಗದಿರುತ್ತಾಳೆ. ಆ ಬದುಕೇ ಗುರಿ, ಉತ್ಪಾದನೆ ಅದಕ್ಕೊಂದು ಸಾಧನ. ಹೀಗೆ ನೋಡದಿದ್ದರೆ ಹಾಸಿಗೆ ಹಿಡಿದ ಅಜ್ಜಿಯೂ ಕೈಲಾಗದ ಮಗುವೂ ಬಂಡವಾಳದ ಪುಸ್ತಕದಲ್ಲಿ ಸೊನ್ನೆಯಾಗುತ್ತಾರೆ. ಕಂಸಾಳೆಯವರು ಹಾಡುವ ಮಾದಪ್ಪನ ಕಥೆಯಲ್ಲಿ ಬೇವಿನಹಟ್ಟಿ ಕಾಳಮ್ಮನಿಗೆ ಯಾವ ಐಶ್ವರ್ಯಕ್ಕೂ ಕೊರತೆಯಿರಲಿಲ್ಲ. ಬಾಗಿಲಿಗೆ ಬಂದ ಜಂಗಮನಿಗೆ ಭಿಕ್ಷೆ ನೀಡಲು ಮಾತ್ರ ಅವಳಿಗೆ ಮನಸ್ಸಾಗಲಿಲ್ಲ. ಆಯ್ದಕ್ಕಿ ಲಕ್ಕಮ್ಮನಾದರೋ ಗಂಡ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಅದನ್ನು ಹಿಂದಕ್ಕೆ ಕಳುಹಿಸಿದಳು. ಲಕ್ಕಮ್ಮನ ಬಡತನ ಅವಳೇ ಆರಿಸಿಕೊಂಡದ್ದು. ಗಿರಣಿಯ ಹುಡುಗಿಯದು ಹಾಗಲ್ಲ. ಆದ್ದರಿಂದ ಸಂತೃಪ್ತಿಯ ಉಪದೇಶವನ್ನು ಅವಳಿಗೆ ಮಾಡುವುದು ಸಲ್ಲದು.

ಕನ್ನಡ ಸಂಘಗಳು ಪ್ರತಿಭಾ ಪುರಸ್ಕಾರಕ್ಕೆ ಅಂಕಪಟ್ಟಿ ತರಿಸಿಕೊಳ್ಳುವುದು ವಾಡಿಕೆ. ಮುಂದಿನ ಬಾರಿ ಪಟ್ಟಿ ಸಿದ್ಧಪಡಿಸುವಾಗ, ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲೆಂದು ಎಂಟನೆಯ ತರಗತಿಗೇ ಓದು ಬಿಟ್ಟವರು ಊರಿಗೆ ಎಷ್ಟು ಮಂದಿ, ಮರಳಿ ಪರೀಕ್ಷೆ ಕಟ್ಟಲು ಅವರಿಗೆ ಏನು ಬೇಕು ಎಂಬುದನ್ನೂ ಮನೆಮನೆಗೆ ಹೋಗಿ ಕೇಳಿ ಬರೆದುಕೊಳ್ಳಬಹುದು.