‘ಚೆನ್ನಾಗಿದ್ದೀನಿ’ ಅನ್ನುವ ಮಾತಿನ ಜವಾಬ್ದಾರಿ

ಹೊರನಾಡಿನಲ್ಲಿರುವ ನಾವು ಊರಿನವರ ಜೊತೆ ಅತಿ ಹೆಚ್ಚು ಸಲ ಆಡುವ ಮಾತು ‘ನಾನು ಚೆನ್ನಾಗಿದ್ದೀನಿ’ ಅನ್ನುವುದೇ ಇರಬೇಕು. ಅಮ್ಮ ಫೋನಿನಲ್ಲಿ ಕೇಳಿದರೂ ಅದೇ, ಅಣ್ಣ ವಿಚಾರಿಸಿದರೂ ಅದೇ. ಆದರೆ ನಲವತ್ತೈದು ದಾಟಿದ ಗಂಡಸು ಯಾವ ಆಧಾರದ ಮೇಲೆ ಹಾಗನ್ನುತ್ತಾನೆ? ನೋವಿಲ್ಲ, ಜ್ವರವಿಲ್ಲ, ಓಡಿಹೋಗಿ ಲೋಕಲ್ ಟ್ರೈನ್ ಹತ್ತಲು ಆಗುತ್ತದೆ. ಅಷ್ಟೇ ತಾನೆ? ರಕ್ತದೊತ್ತಡವಾಗಲಿ ಸಕ್ಕರೆ ಕಾಯಿಲೆಯಾಗಲಿ ಎಷ್ಟೋ ವರ್ಷ ಯಾವ ನೋವೂ ಕೊಡದೆ ಒಳಗೊಳಗೇ ಕೆಲಸ ಮಾಡುತ್ತವೆ.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಡಬ್ಲ್ಯು. ಕೆ. ಕ್ಲಿಫರ್ಡ್ ನಂಬಿಕೆಯ ನೀತಿಯ ಬಗ್ಗೆ ಒಂದು ಪ್ರಬಂಧ ಬರೆದ. ಅದರಲ್ಲೊಬ್ಬ ಹಡಗಿನ ಮಾಲೀಕ. ಹಡಗು ಹಳೆಯದು, ರಿಪೇರಿ ಬೇಕೇನೋ ಅಂತ ಅವನಿಗೇ ಅನುಮಾನ. ಖರ್ಚಿಗೆ ಹಿಂಜರಿದು, ಇಷ್ಟು ಸಲ ಹೋಗಿಬಂದದ್ದು ಈ ಸಲವೂ ಬರುತ್ತದೆ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡು ಜನರನ್ನು ಹತ್ತಿಸಿ ಕಳಿಸುತ್ತಾನೆ. ಹಡಗು ಮುಳುಗುತ್ತದೆ. ಅವನು ಸುಳ್ಳು ಹೇಳಲಿಲ್ಲ, ನಿಜವಾಗಿಯೂ ನಂಬಿದ್ದ. ಆದರೂ ತಪ್ಪಿತಸ್ಥ ಅನ್ನುತ್ತಾನೆ ಕ್ಲಿಫರ್ಡ್. ಹಡಗು ಸುಖವಾಗಿ ದಡ ಸೇರಿದ್ದರೂ ತಪ್ಪಿತಸ್ಥನೇ, ಯಾಕೆಂದರೆ ಪರೀಕ್ಷೆ ಮಾಡದೆ ನಂಬುವ ಹಕ್ಕು ಅವನಿಗಿರಲಿಲ್ಲ.

‘ನನ್ನ ದೇಹ, ನನ್ನಿಷ್ಟ’ ಅನ್ನಬಹುದು. ಒಬ್ಬನೇ ಇದ್ದಿದ್ದರೆ ಒಪ್ಪುತ್ತಿದ್ದೆ. ಮುಂಬೈನ ಬ್ಯಾಂಕಿನ ಕೌಂಟರಿನಲ್ಲಿ ಮೃತರ ಖಾತೆಯ ಕ್ಲೇಮು ಫಾರಂ ಹಿಡಿದು ನಿಂತ ಹೆಂಗಸರನ್ನು ನೋಡಿದ್ದೇನೆ. ಗಂಡನಿಗೆ ಎಷ್ಟು ಸಾಲ, ಎಲ್ಲೆಲ್ಲಿ ಠೇವಣಿ ಒಂದೂ ಗೊತ್ತಿಲ್ಲ, ಭಾಷೆಯೂ ಅರ್ಧಂಬರ್ಧ, ಊರಿಂದ ಅಣ್ಣನೋ ಮಾವನೋ ಬರಬೇಕು. ಆ ಹಡಗಿನಲ್ಲಿ ಕೂತಿದ್ದವರು ಇವರೇ.

ಊರಿನಲ್ಲಿ ಇನ್ನೊಂದು ಅನುಕೂಲವಿತ್ತು. ಆರು ತಿಂಗಳಿಗೊಮ್ಮೆ ಬಂದ ಚಿಕ್ಕಮ್ಮ ಬಾಗಿಲಲ್ಲೇ ನಿಂತು, ‘ಏನೋ, ಇಷ್ಟು ಇಳಿದುಹೋಗಿದ್ದೀಯ?’ ಅನ್ನುತ್ತಿದ್ದರು. ಇಲ್ಲಿ ದಿನವೂ ಎದುರು ಸೀಟಿನಲ್ಲಿ ಕೂರುವವನಿಗೆ ನಮ್ಮ ಮುಖ ಅಭ್ಯಾಸವಾಗಿಬಿಟ್ಟಿರುತ್ತದೆ. ಪರವೂರಿನಲ್ಲಿ ಚಿಕ್ಕಮ್ಮನ ಕಣ್ಣಿನ ಕೆಲಸವನ್ನು ತಪಾಸಣೆಯೇ ಮಾಡಬೇಕು.

ಹಾಗಂತ ಕಂಡ ಕಂಡ ‘ಪ್ಯಾಕೇಜಿಗೆ’ ತೋಳು ಚಾಚಬೇಕೆ? ಪ್ರಾಸ್ಟೇಟ್ ಕ್ಯಾನ್ಸರಿಗೆ ಪಿಎಸ್‌ಎ ಅನ್ನುವ ರಕ್ತಪರೀಕ್ಷೆ ಇದೆಯಲ್ಲ, ಅದನ್ನು ತಪಾಸಣೆಗೆಂದು ಮಾಡುವುದು ಬೇಡವೆಂದು ಅಮೆರಿಕದ ತಜ್ಞರ ಸಮಿತಿ 2012ರಲ್ಲಿ ಹೇಳಿತು. 2018ರಲ್ಲಿ, 55ರಿಂದ 69 ವಯಸ್ಸಿನವರು ಡಾಕ್ಟರ ಜೊತೆ ಮಾತಾಡಿ ತಾವೇ ತೀರ್ಮಾನಿಸಲಿ ಅಂದಿತು. ಆ ಕ್ಯಾನ್ಸರು ಅನೇಕರಲ್ಲಿ ಬಹಳ ನಿಧಾನ. ಬದುಕಿರುವವರೆಗೂ ತೊಂದರೆ ಕೊಡದೆಯೇ ಇರಬಹುದು. ಚಿಕಿತ್ಸೆಯಿಂದಲೇ ಮೂತ್ರದ ಹಿಡಿತ ತಪ್ಪಿದವರಿದ್ದಾರೆ. ಇಂಥ ಕಡೆ ‘ನನಗೆ ತಿಳಿಯುವುದು ಬೇಡ’ ಅನ್ನುವವನನ್ನು ಹೇಡಿ ಅನ್ನಲಾಗದು.

ಗೆರೆ ಎಲ್ಲಿ ಎಳೆಯಬೇಕು? ತಿಳಿದ ಮೇಲೆ ಕೈಲಾದದ್ದು ಮಾಡಲು ಸಾಧ್ಯವಿದ್ದರೆ ತಿಳಿಯುವುದು ಕರ್ತವ್ಯ; ತಿಳಿದೂ ಲಾಭ ಅನುಮಾನವಾದರೆ ಅದು ಅವರವರ ಆಯ್ಕೆ. ಬ್ಯಾಂಕಿನಲ್ಲಿ ಕಂತು 90 ದಿನ ಮೀರಿ ಬಾಕಿ ಉಳಿದರೆ ಸಾಲ ಎನ್‌ಪಿಎ. ಆದರೆ ಬುದ್ಧಿವಂತ ಮ್ಯಾನೇಜರು ಅಲ್ಲಿಯವರೆಗೂ ಕಾಯುವುದಿಲ್ಲ, ಮೊದಲ ಕಂತು ತಪ್ಪಿದಾಗಲೇ ಫೋನು ಮಾಡುತ್ತಾನೆ. 140/90 ದಾಟಿದ ಒತ್ತಡ, ಖಾಲಿಹೊಟ್ಟೆಯಲ್ಲಿ 126 ಮುಟ್ಟಿದ ಸಕ್ಕರೆ, ತಂಬಾಕು ಹಾಕುವವನ ಬಾಯಲ್ಲಿ ಮಾಯದ ಬಿಳಿ ಮಚ್ಚೆ, ಇವೆಲ್ಲ ಅಂಥ ಕಂತುಗಳು. 30 ದಾಟಿದವರಿಗೆ ಈ ಮೂರೂ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ದುಡ್ಡಿಲ್ಲ ಅನ್ನುವ ನೆಪ ನಡೆಯುವುದಿಲ್ಲ.

ಇನ್ನುಳಿಯುವುದು ಭಯ. ಏನಾದರೂ ಸಿಕ್ಕಿಬಿಟ್ಟರೆ ಈ ಊರಲ್ಲಿ ಆಸ್ಪತ್ರೆಗೆ ಜೊತೆಗೆ ಬರುವವರು ಯಾರು? ಈ ಭಯ ಸುಳ್ಳಲ್ಲ. ಅದಕ್ಕೇ ಹೇಳುತ್ತೇನೆ, ಪರೀಕ್ಷೆಗೆ ಹೋಗುವಾಗ ಪಕ್ಕದ ಮನೆಯ ಕನ್ನಡದವನನ್ನೂ ಎಬ್ಬಿಸಿಕೊಂಡು ಹೋಗಿ. ಅವನಿಗೂ ಐವತ್ತಾಗಿರುತ್ತದೆ.